ದೀಪ ದೊಡ್ಡದು ಮಾಡುವ ಹೊತ್ತು



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಪ್ರಾಥಮಿಕ ಶಾಲೆಯ ಒಬ್ಬ ಅಕ್ಕೋರು. ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಸಲ ದೊಡ್ಡವರು ಕೂತು ಮಕ್ಕಳ ಬಗ್ಗೆ ಮಾತಾಡಲಿ ಎಂದು ಬಯಸಿದವರು. ಉಪನ್ಯಾಸ ನಡೆಸುವ ಸಂಘದವರು ಫೋನ್ ಮಾಡಿ ವಿಷಯ ಕೇಳಿದಾಗ, ‘ಎಳೆಯ ಮಕ್ಕಳಿಗೆ ಮಲಗುವ ಹೊತ್ತಿನಲ್ಲಿ ಓದಿ ಹೇಳುವ ಚಿತ್ರಪುಸ್ತಕ’ ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, ‘ಅದರಾಗ ಒಂದ್ ತಾಸು ಹೇಳೂದು ಏನೈತ್ರಿ ಮೇಡಂ? ಓದೂದು, ಮಲಗೂದು’ ಅಂದರು. ಅವರು ಹೇಳಿದ್ದು ಸರಿಯೇ. ಓದುವುದು, ಮಲಗುವುದು. ಆ ಎರಡರ ನಡುವೆ ಹದಿನೈದು ನಿಮಿಷ ಇರುತ್ತವೆ. ನನ್ನ ಮಾತೆಲ್ಲ ಆ ಹದಿನೈದು ನಿಮಿಷದ ಬಗ್ಗೆ.

ಒಂದು ಕತೆಯಿಂದ ಶುರು ಮಾಡುತ್ತೇನೆ. ಎ.ಕೆ. ರಾಮಾನುಜನ್ ಕನ್ನಡದ ಬಾಯಿಗಳಿಂದ ಕೇಳಿ ಲೋಕಕ್ಕೆ ಕೊಟ್ಟ ಕತೆ. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು, ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕತೆ ಜೋಡು ಕೆರವಾಗಿ ಬಾಗಿಲಲ್ಲಿ ಕೂತಿತು. ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡ ಬಂದ, ನೋಡಿದ, ಸಂಶಯಪಟ್ಟ. ಜಗಳವಾಗಿ, ಕಂಬಳಿ ಎತ್ತಿಕೊಂಡು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳೆಲ್ಲ, ಮನೆಗಳಲ್ಲಿ ಆರಿದ ಮೇಲೆ, ಆ ಗುಡಿಗೆ ಬಂದು ಹರಟೆ ಹೊಡೆಯುತ್ತಿದ್ದವಂತೆ. ಅಂದು ಇವನ ಮನೆಯ ದೀಪ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದಾಗ ಅದು ಕೆರದ ಗುಟ್ಟನ್ನೂ ಅಂಗಿಯ ಗುಟ್ಟನ್ನೂ ಹೇಳಿತು. ಗಂಡ ಮನೆಗೆ ಓಡಿಬಂದು ಆ ಕತೆ ಯಾವುದು, ಆ ಹಾಡು ಯಾವುದು ಎಂದು ಕೇಳಿದರೆ, ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರಿಗೆ ಈ ಹರಟೆಮಲ್ಲ ದೀಪಗಳ ಪರಿಚಯ ಇದ್ದೇ ಇರುತ್ತದೆ.

ಈ ಕತೆ ಹೇಳುವವರು ಸಾಮಾನ್ಯವಾಗಿ ಕತೆಯನ್ನು ಬಚ್ಚಿಡಬಾರದು ಎಂಬಲ್ಲಿಗೆ ಬಂದು ನಿಲ್ಲುತ್ತಾರೆ. ನನ್ನ ಮನಸ್ಸು ನಿಲ್ಲುವುದು ಆ ದೀಪಗಳ ಹತ್ತಿರ. ನಮ್ಮಜ್ಜಿ ‘ದೀಪ ಆರಿಸು’ ಎಂಬ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲ. ‘ದೀಪ ದೊಡ್ಡದು ಮಾಡವ್ವ’ ಅನ್ನುತ್ತಿದ್ದಳು. ಕಂದೀಲಿನ ಬತ್ತಿ ಇಳಿಸಿ ಕತ್ತಲು ಮಾಡುವುದಕ್ಕೆ ದೊಡ್ಡದು ಮಾಡುವುದು ಅಂತ ಯಾಕೆ ಅನ್ನುತ್ತಾಳೆ ಎಂದು ನನಗೆ ಬಹಳ ದಿನ ಬಗೆಹರಿದಿರಲಿಲ್ಲ. ಅದು ಅಶುಭದ ಮಾತನ್ನು ತಪ್ಪಿಸುವ ಜಾಣ್ಮೆ ಎಂದು ಶಾಲೆಯಲ್ಲಿ ಕಲಿತೆ. ಆದರೆ ಐದು ವರ್ಷದ ಕೂಸಿಗೆ ಆ ಮಾತು ಮಾಡುವ ಕೆಲಸ ಬೇರೆ. ಕಣ್ಣೆದುರಿನ ದೀಪ ಇಲ್ಲವಾಯಿತು ಎಂದು ಹೇಳದೆ, ಅದು ಎಲ್ಲೋ ಇದೆ, ಇನ್ನೂ ದೊಡ್ಡದಾಗಿದೆ ಎಂದು ಹೇಳುತ್ತದೆ. ಕಾಣದಿದ್ದದ್ದು ಇರುತ್ತದೆಯೇ? ಕಣ್ಣು ಮುಚ್ಚಿದರೆ ಅವ್ವ ಇರುತ್ತಾಳೆಯೇ? ಎಳೆಯ ಮಗು ಮಲಗಲು ಹಟ ಮಾಡುವುದರ ಹಿಂದೆ ಬಹಳ ಸಲ ಈ ಪ್ರಶ್ನೆ ಇರುತ್ತದೆ. ಒಳ್ಳೆಯ ರಾತ್ರಿಪುಸ್ತಕ ಉತ್ತರಿಸುವುದು ಇದನ್ನೇ.

ನಮ್ಮಲ್ಲಿ ರಾತ್ರಿ ಕತೆಗೆ ಪುಸ್ತಕ ಬೇಕಿರಲಿಲ್ಲ. ದೀಪ ದೊಡ್ಡದು ಮಾಡಿದ ಮೇಲೆಯೇ ಕತೆ ಶುರು. ಅದಕ್ಕೊಂದು ಕರಾರು ಇತ್ತು: ಕೇಳುವ ಮಗು ಹೂಂಗುಟ್ಟಬೇಕು. ‘ಒಂದೂರಾಗ ಒಬ್ಬ ಮುದುಕಿ’, ‘ಹೂಂ’. ‘ಆಕೀಗಿ ಒಂದು ಆಡು’, ‘ಹೂಂ’. ಹೂಂ ಗಟ್ಟಿ ಇದ್ದರೆ ಕತೆ ಓಡುತ್ತದೆ, ಹೂಂ ತೂಕಡಿಸಿದರೆ ಅಜ್ಜಿಯ ದನಿ ಇಳಿಯುತ್ತದೆ, ಹೂಂ ನಿಂತರೆ ಕತೆ ಅಲ್ಲೇ ನಿಲ್ಲುತ್ತದೆ. ಎಷ್ಟೋ ಕತೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ರಾತ್ರಿ ಅವು ನನ್ನ ಹೂಂ ನಿಂತಲ್ಲೇ ನಿಂತಿವೆ.

ಮಾತು ಕತ್ತಲೆಯಲ್ಲಿತ್ತು. ಚಿತ್ರ ಎಲ್ಲಿತ್ತು? ತೊಟ್ಟಿಲ ಮೇಲೆ. ಧಾರವಾಡದಿಂದ ಕಾರವಾರದ ದಾರಿ ಹಿಡಿದರೆ ಸಿಗುವ ಕಲಘಟಗಿಯ ಬಣ್ಣದ ತೊಟ್ಟಿಲನ್ನು ಇಲ್ಲಿರುವ ಬಹಳ ಜನ ನೋಡಿದ್ದೀರಿ. ಕೆಲವರು ಅದರಲ್ಲಿ ಮಲಗಿಯೂ ಇದ್ದೀರಿ. ಸಾಗವಾನಿ ಕಟ್ಟಿಗೆ, ಅರಗಿನ ಹೊಳಪು, ಕೃಷ್ಣನ ಬಾಲಲೀಲೆ, ರಾಮನ ಕತೆ. ಚಿತ್ರಗಾರರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕಸುಬು. ನನ್ನ ಮಗಳ ನಾಮಕರಣಕ್ಕೆ ಅಂಥದೊಂದು ತೊಟ್ಟಿಲನ್ನು ಬೀಗರ ಮನೆಯಿಂದ ಎರವಲು ತಂದಿದ್ದೆವು. ಬಾಣಂತನದ ಬೇಸರದಲ್ಲಿ ಹಗ್ಗ ಜಗ್ಗುತ್ತ ಕೂತಾಗ ನನಗೊಂದು ಸಂಗತಿ ಹೊಳೆಯಿತು. ಆ ಚಿತ್ರಗಳೆಲ್ಲ ತೊಟ್ಟಿಲ ಹೊರಮೈಗೆ ಇದ್ದವು. ಬೆಣ್ಣೆ ಕದಿಯುವ ಕೃಷ್ಣ ಕಾಣುತ್ತಿದ್ದುದು ತೂಗುವ ನನಗೆ. ಒಳಗೆ ಮಲಗಿದ ಕೂಸಿಗೆ ಬರೀ ಹಲಗೆ, ಮೇಲೆ ತೊಲೆ, ಕಿವಿಗೆ ನನ್ನ ದನಿ. ಅಂದರೆ ಚಿತ್ರ ದೊಡ್ಡವರ ಪಾಲು, ಮಾತು ಮಗುವಿನ ಪಾಲು.

ಚಿತ್ರಪುಸ್ತಕ ಈ ಪಾಲನ್ನು ಅದಲುಬದಲು ಮಾಡುತ್ತದೆ. ಅಕ್ಷರ ಬಲ್ಲವರು ದೊಡ್ಡವರು, ಅವರ ಕಣ್ಣು ಸಾಲಿನ ಮೇಲೆ. ಅಕ್ಷರ ಬಾರದ ಮಗುವಿನ ಕಣ್ಣು ಚಿತ್ರದ ಮೇಲೆ. ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ. ಬಹಳ ಸಲ ಮಗುವೇ ಹೆಚ್ಚು ಓದುತ್ತದೆ. ಹೂಂ ಅನ್ನುವುದರ ಬದಲು ಅದರ ಬೆರಳು ಬರುತ್ತದೆ: ‘ಇಲ್ಲಿ ನೋಡು, ಇರುವೆ.’ ನಾವು ಓದುವ ಸಾಲಿನಲ್ಲಿ ಇರುವೆಯೇ ಇರುವುದಿಲ್ಲ.

ಈ ಕಲೆಯನ್ನು ಒಂದು ಪುಸ್ತಕವನ್ನು ಹತ್ತಿರ ಹಿಡಿದು ತೋರಿಸುತ್ತೇನೆ. 1947ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ ‘ಗುಡ್‌ನೈಟ್ ಮೂನ್’. ಬರೆದವರು ಮಾರ್ಗರೆಟ್ ವೈಸ್ ಬ್ರೌನ್, ಚಿತ್ರ ಕ್ಲೆಮೆಂಟ್ ಹರ್ಡ್ ಅವರದು. ಪದಗಳು ಸುಮಾರು 130. ಒಂದು ಮದುವೆಯ ಕರೆಯೋಲೆಯಷ್ಟೂ ಇಲ್ಲ. ಹಸಿರು ಗೋಡೆಯ ದೊಡ್ಡ ಕೋಣೆ, ಹಾಸಿಗೆಯಲ್ಲಿ ಒಂದು ಮರಿ ಮೊಲ, ಕುರ್ಚಿಯಲ್ಲಿ ಹೆಣಿಗೆ ಹಾಕುವ ಮುದುಕಿ ಮೊಲ. ಮೊದಲು ಕೋಣೆಯಲ್ಲಿ ಏನೇನಿದೆ ಎಂದು ಹೇಳುತ್ತಾರೆ. ಆಮೇಲೆ ಒಂದೊಂದಕ್ಕೂ ರಾತ್ರಿಯ ಬೀಳ್ಕೊಡುಗೆ. ಕತೆ ಅಷ್ಟೇ. ಸಾಹಸವಿಲ್ಲ, ಕೇಡಿಗರಿಲ್ಲ, ನೀತಿಯಿಲ್ಲ.

ಚಿತ್ರ ನೋಡಿ. ಒಂದು ಹಾಳೆ ಬಣ್ಣದ್ದು, ಮುಂದಿನದು ಕಪ್ಪು ಬಿಳುಪು, ಮತ್ತೆ ಬಣ್ಣ. ಕಣ್ಣು ರೆಪ್ಪೆ ತೆರೆದು ಮುಚ್ಚಿದ ಹಾಗೆ. ಕೋಣೆಯ ಗಡಿಯಾರದಲ್ಲಿ ಮೊದಲಿಗೆ ಏಳು ಗಂಟೆ. ಕೊನೆಯ ಹೊತ್ತಿಗೆ ಎಂಟು ಹೊಡೆದು ಹತ್ತು ನಿಮಿಷ. ಕಿಟಕಿಯಲ್ಲಿ ಚಂದ್ರ ಪುಟಪುಟಕ್ಕೂ ಮೇಲೇರುತ್ತಾನೆ. ಬಣ್ಣದ ಪ್ರತಿ ಹಾಳೆಯಲ್ಲಿ ಕೋಣೆಯ ಬೆಳಕು ಒಂದು ಗುಕ್ಕು ಕಡಿಮೆಯಾಗಿರುತ್ತದೆ. ದೊಡ್ಡವರು ಇದನ್ನು ಗಮನಿಸುವುದು ಹತ್ತನೇ ಓದಿಗೋ ಇಪ್ಪತ್ತನೇ ಓದಿಗೋ. ಮಗು ಮಾತ್ರ ಮೊದಲ ವಾರದಲ್ಲೇ ಇನ್ನೊಂದನ್ನು ಹಿಡಿದಿರುತ್ತದೆ. ಕೋಣೆಯಲ್ಲಿ ಒಂದು ಇಲಿ ಇದೆ, ಪ್ರತಿ ಸಲ ಬೇರೆ ಕಡೆ. ಕತೆ ಓದುವವರು ನಾವು, ಇಲಿ ಹುಡುಕುವುದು ಅದು. ನಡುವೆ ಒಂದು ಪುಟ ಪೂರಾ ಖಾಲಿ. ಅಲ್ಲಿ ಬೀಳ್ಕೊಡುಗೆ ಯಾರೂ ಅಲ್ಲದವರಿಗೆ. ಕತ್ತಲೆಯಲ್ಲಿ ಕಾಣದವರಿಗೂ ಒಂದು ಮಾತು ಹೇಳಿ ಮುಗಿಸಿಬಿಡುವ ಆ ಧೈರ್ಯ ನನಗೆ ಬಹಳ ಹಿಡಿಸಿದೆ. ಕೊನೆಯ ಹಾಳೆಯಲ್ಲಿ ಮುದುಕಿಯ ಕುರ್ಚಿ ಬರಿದಾಗಿದೆ, ಕೋಣೆ ಕತ್ತಲಾಗಿದೆ. ಮೂಲೆಯ ಗೊಂಬೆಮನೆಯ ಕಿಟಕಿಗಳಲ್ಲಿ ಮಾತ್ರ ಬೆಳಕು. ಹನುಮಪ್ಪನ ಗುಡಿಯ ದೀಪಗಳು ನನಗೆ ನೆನಪಾಗುವುದು ಅಲ್ಲಿಯೇ.

ಬ್ರೌನ್ ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಅವರು ತರಬೇತಿ ಪಡೆದದ್ದು ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಎಂಬ ಪ್ರಯೋಗಶೀಲ ಶಿಕ್ಷಕ ಸಂಸ್ಥೆಯಲ್ಲಿ. ಅದನ್ನು ಕಟ್ಟಿದ ಲೂಸಿ ಸ್ಪ್ರೇಗ್ ಮಿಚೆಲ್ 1921ರಲ್ಲೇ ಒಂದು ಕತೆಪುಸ್ತಕ ಹೊರತಂದು, ಎಳೆಯ ಮಗುವಿಗೆ ದೂರದ ರಾಜಕುಮಾರಿಗಿಂತ ಹತ್ತಿರದ ಚಮಚ, ಬೀದಿ, ಗಾಡಿಯೇ ವಿಸ್ಮಯ ಎಂದು ವಾದಿಸಿದ್ದರು. ಆ ವಾದ ಎಲ್ಲರಿಗೂ ರುಚಿಸಲಿಲ್ಲ. ಮಕ್ಕಳ ಪುಸ್ತಕವೆಂದರೆ ಮಾಯಾಲೋಕವಿರಬೇಕು ಎಂಬ ಅಭಿರುಚಿ ಆಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಬಲವಾಗಿತ್ತು. ‘ಗುಡ್‌ನೈಟ್ ಮೂನ್’ ಆ ಗ್ರಂಥಾಲಯದ ಕಪಾಟು ಸೇರಿದ್ದು 1972ರಲ್ಲಿ, ಪ್ರಕಟವಾಗಿ 25 ವರ್ಷಕ್ಕೆ. ಬರೆದವರು ತೀರಿಕೊಂಡು ಆಗಲೇ 20 ವರ್ಷವಾಗಿತ್ತು. ತಮ್ಮ ಹಾಸಿಗೆಯಲ್ಲಿ ಅದನ್ನು ಮತ್ತೆ ಮತ್ತೆ ಓದಿಸಿಕೊಂಡ ಮಕ್ಕಳು ಅಷ್ಟರಲ್ಲಿ ತಾಯಿತಂದೆಯರಾಗಿ, ತಮ್ಮ ಮಕ್ಕಳಿಗೆ ಅದನ್ನೇ ಕೊಳ್ಳುತ್ತಿದ್ದರು.

ಇನ್ನೊಂದು ಪುಸ್ತಕವನ್ನು ಬೇಗ ನೋಡಿಬಿಡೋಣ. ಮಾರಿಸ್ ಸೆಂಡಾಕ್ 1963ರಲ್ಲಿ ಬರೆದು ಚಿತ್ರಿಸಿದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’. ತುಂಟತನ ಮಾಡಿದ ಹುಡುಗನನ್ನು ಊಟವಿಲ್ಲದೆ ಕೋಣೆಗೆ ಕಳಿಸುತ್ತಾರೆ. ಕೋಣೆ ಕಾಡಾಗುತ್ತದೆ, ಅವನು ದೋಣಿ ಏರಿ ಭೂತಗಳ ನಾಡಿಗೆ ಹೋಗಿ ರಾಜನಾಗುತ್ತಾನೆ. ಮೊದಲ ಚಿತ್ರ ಪುಟದ ನಡುವೆ ಸಣ್ಣದಾಗಿದೆ, ಸುತ್ತ ಬಿಳಿ ಅಂಚು. ಹುಡುಗನ ಸಿಟ್ಟು ಬೆಳೆದಂತೆ ಚಿತ್ರವೂ ಬೆಳೆಯುತ್ತದೆ, ಅಂಚನ್ನು ನುಂಗುತ್ತದೆ, ಎದುರಿನ ಪುಟಕ್ಕೂ ಚಾಚುತ್ತದೆ. ನಟ್ಟನಡುವೆ ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ, ಬರೀ ಕುಣಿತ. ಓದುವವರಿಗೆ ಅಲ್ಲಿ ಕೆಲಸವಿಲ್ಲ. ಮಗುವೇ ಗದ್ದಲ ಹಾಕಬೇಕು. ಮನೆ ನೆನಪಾಗಿ ಅವನು ಮರಳುವಾಗ ಚಿತ್ರ ಕುಗ್ಗುತ್ತ ಬರುತ್ತದೆ. ಅವನಿಗಾಗಿ ಕಾದಿದ್ದ ಊಟ ಇನ್ನೂ ಬಿಸಿಯಿದೆ ಎನ್ನುವ ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ. ಇಡೀ ಪುಸ್ತಕಕ್ಕೆ 338 ಪದ. ಕೋಪದಿಂದ ಮಲಗಲು ಹೋದ ಮಗುವಿಗೆ, ನಿನ್ನ ಕೋಪಕ್ಕಿಂತ ಮನೆ ದೊಡ್ಡದು ಎಂದು ಇಷ್ಟು ಕಡಿಮೆ ಮಾತಿನಲ್ಲಿ ಯಾರಾದರೂ ಹೇಳಿದ್ದು ನಾನು ಕಂಡಿಲ್ಲ.

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಆ ಮರಿ ಮೊಲಕ್ಕೆ ತನ್ನದೇ ಕೋಣೆಯಿದೆ. ಅದು ಒಬ್ಬಂಟಿಯಾಗಿ ಮಲಗಬೇಕು. ಅದಕ್ಕೇ ಚಂದ್ರನಿಗೂ ಬಾಚಣಿಗೆಗೂ ಬೀಳ್ಕೊಡುಗೆ ಹೇಳಿಸಿ ಧೈರ್ಯ ತುಂಬುತ್ತಾರೆ. ನಮ್ಮ ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಚಾಪೆ ಹಾಸಿ, ಅಜ್ಜಿಯ ಸೀರೆಯ ಸೆರಗು ಹಿಡಿದು ಮಲಗಿದವರು. ಒಂದೇ ಕೋಣೆಯ ಮನೆಯಲ್ಲಿ ರಾತ್ರಿ ಪಾಳಿಗೆ ಹೋಗುವ ಅಪ್ಪ ಎರಡು ತಾಸು ಕಣ್ಣು ಮುಚ್ಚಬೇಕಾದರೆ, ಪುಸ್ತಕಕ್ಕಾಗಿ ಲೈಟು ಹಾಕುವುದಾದರೂ ಹೇಗೆ? ಇದು ಅವರ ಮಂಚದ ಪದ್ಧತಿ, ನಮ್ಮ ಚಾಪೆಗೆ ಯಾಕೆ?

ನಾನು ಈ ಪ್ರಶ್ನೆಯನ್ನು ಬಹಳ ವರ್ಷ ಮಡಿಲಲ್ಲಿಟ್ಟುಕೊಂಡು ಓಡಾಡಿದ್ದೇನೆ. ಈಗ ಅನ್ನಿಸುವುದು ಇಷ್ಟು. ಅಜ್ಜಿಯ ಪಕ್ಕದಲ್ಲೇ ಮಲಗಿರಲಿ, ಹತ್ತು ಜನರ ನಡುವೆಯೇ ಮಲಗಿರಲಿ, ನಿದ್ದೆಯೊಳಕ್ಕೆ ಹೋಗುವಾಗ ಮಗು ಒಂದೇ ಹೋಗುತ್ತದೆ. ಆ ಹೊಸ್ತಿಲಿನವರೆಗೆ ಯಾರಾದರೂ ಕೈ ಹಿಡಿದು ಬರಬೇಕು. ನಮ್ಮಲ್ಲಿ ಅಜ್ಜಿಯ ದನಿ ಬರುತ್ತಿತ್ತು. ಇವತ್ತು ಅಜ್ಜಿ ಗದಗಿನಲ್ಲಿ, ಮಗು ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ಕತೆ ಗೊತ್ತಿಲ್ಲದ ತಾಯಿತಂದೆಗೆ ಆ ದನಿಯನ್ನು ಎರವಲು ಕೊಡುವುದು ಪುಸ್ತಕ. ಹಾಡು ಬರದಿದ್ದರೆ, ಕತೆ ಮರೆತಿದ್ದರೆ ಅವಮಾನವೇನಿಲ್ಲ. ರಾಮಾನುಜನ್ನರ ಕತೆಯ ಹೆಣ್ಣುಮಗಳ ಹತ್ತಿರ ಒಂದು ಚಿತ್ರಪುಸ್ತಕವಿದ್ದಿದ್ದರೆ ಜಗಳವೇ ಆಗುತ್ತಿರಲಿಲ್ಲ.

ಪುಸ್ತಕವಿಲ್ಲದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಫೋನು ಬರುತ್ತದೆ. ಫೋನನ್ನು ಬೈಯುವುದು ಸುಲಭ. ನಾನು ಬೈಯಲಾರೆ, ಯಾಕೆ ಎಂದು ಆಮೇಲೆ ಹೇಳುತ್ತೇನೆ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಪುಸ್ತಕಕ್ಕೆ ಕೊನೆಯ ಪುಟವಿದೆ. ಹೆಚ್ಚಿನ ಚಿತ್ರಪುಸ್ತಕಗಳು 32 ಪುಟದವು, ಕಾರಣ ಬಹಳ ಲೌಕಿಕ: ಮುದ್ರಣದ ದೊಡ್ಡ ಹಾಳೆಯನ್ನು ಮಡಚಿದರೆ 16ರ ಲೆಕ್ಕದಲ್ಲಿ ಪುಟಗಳು ಸಿಗುತ್ತವೆ. ಪ್ರೆಸ್ಸಿನ ಈ ಗಣಿತ ಮಗುವಿಗೆ ವರವಾಯಿತು. ಮುಗಿಯುತ್ತದೆ ಎಂದು ಗೊತ್ತಿರುವ ವಸ್ತು ಅದರ ಕೈಯಲ್ಲಿದೆ, ಎಷ್ಟು ಉಳಿದಿದೆ ಎಂದು ಬೆರಳಿಗೆ ತಿಳಿಯುತ್ತದೆ. ಫೋನಿನ ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ. ನಿದ್ದೆಗೆ ಬೇಕಾದದ್ದು ಮುಕ್ತಾಯ. ಅಲ್ಲಿ ಸಿಗದೆ ಇರುವುದು ಅದೊಂದೇ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು, ಪರದೆಯ ಮುಂದೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಇದನ್ನು ಕೇಳಿ ನನ್ನ ಪರಿಚಯದ ತಾಯಿಯೊಬ್ಬಳು, ‘ಮಕ್ಕಳಿಗೆ ಸರಿ, ನಮಗೆ ಎಷ್ಟು ತಾಸು ಅಂತ ಹೇಳ್ಯಾರ್ರೀ?’ ಎಂದು ಕೇಳಿದಳು.

‘ಅದನ್ನೇ ಓದು’ ಎಂಬ ಹಟದ ಬಗ್ಗೆಯೂ ಎರಡು ಮಾತು. ಒಂದೇ ಪುಸ್ತಕವನ್ನು ನಲವತ್ತನೇ ರಾತ್ರಿ ಓದುವಾಗ ದೊಡ್ಡವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ನಾನೊಮ್ಮೆ ಎರಡು ಪುಟ ಒಟ್ಟಿಗೆ ತಿರುವಿ ಹಾರಿಸಿದೆ. ಮೊಮ್ಮಗಳು ಅರೆನಿದ್ದೆಯಿಂದ ಎದ್ದು ಕೂತು, ‘ಆಮೆ ಎಲ್ಲಿ ಹೋತು?’ ಅಂದಳು. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೂರು ವರ್ಷದ ಮಕ್ಕಳ ಒಂದು ಗುಂಪಿಗೆ ಅವೇ ಕತೆಗಳನ್ನು ಮತ್ತೆ ಮತ್ತೆ, ಇನ್ನೊಂದು ಗುಂಪಿಗೆ ಬೇರೆ ಬೇರೆ ಕತೆಗಳನ್ನು ಓದಿದರು. ಹೊಸ ಪದಗಳು ಕಿವಿಗೆ ಬಿದ್ದ ಸಲ ಎರಡೂ ಕಡೆ ಒಂದೇ. ಪದಗಳನ್ನು ಚೆನ್ನಾಗಿ ಕಲಿತವರು ಅವೇ ಕತೆ ಕೇಳಿದ ಮಕ್ಕಳು. 2015ರಲ್ಲಿ ಅಮೆರಿಕದ ಸಂಶೋಧಕರು ನೂರು ಚಿತ್ರಪುಸ್ತಕಗಳ ಮಾತನ್ನೂ ದೊಡ್ಡವರು ಮಕ್ಕಳ ಜೊತೆ ಆಡುವ ಮಾತನ್ನೂ ಹೋಲಿಸಿದಾಗ, ಬಗೆಬಗೆಯ ಪದಗಳು ಹೆಚ್ಚಿದ್ದದ್ದು ಪುಸ್ತಕದಲ್ಲಿ. ಇದಕ್ಕೆ ಸಂಶೋಧನೆಯೇ ಬೇಕಿರಲಿಲ್ಲ. ಊಟ ಮಾಡು, ಬೂಟು ಹಾಕ್ಕೊ, ಅದನ್ನ ಮುಟ್ಟಬ್ಯಾಡ. ನಮ್ಮ ದಿನದ ಮಾತು ಇಷ್ಟರಲ್ಲೇ ಸುತ್ತುತ್ತದೆ. ಅದರಲ್ಲಿ ಮುಂಗುಸಿ ಎಲ್ಲಿಂದ ಬರಬೇಕು, ಹರಿಗೋಲು ಎಲ್ಲಿಂದ ಬರಬೇಕು? ಆದರೆ ದಯವಿಟ್ಟು ಬುದ್ಧಿ ಬೆಳೆಯಲಿ ಎಂದು ಓದಬೇಡಿ. ಟಾನಿಕ್ ಕುಡಿಸುವ ದನಿ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ.

ಈಗ ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಮಕ್ಕಳಿಗಾಗಿ ಬರೆದವರು ಸಣ್ಣವರಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, 1930ರ ದಶಕದಲ್ಲಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಕೈಯಾರೆ ಕಟ್ಟಿದ ಶಿವರಾಮ ಕಾರಂತರು, ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣವನ್ನು ಬೊಮ್ಮನಹಳ್ಳಿ ಮಾಡಿದ ಕುವೆಂಪು. ಇವರೆಲ್ಲ ಕಿವಿಯ ಬರಹಗಾರರು. ಚಿತ್ರ ನಮ್ಮ ಮಕ್ಕಳ ಪುಸ್ತಕದಲ್ಲಿ ಬಹುಕಾಲ ಅತಿಥಿಯಾಗಿತ್ತು: ಪಾಠದ ಮೇಲ್ತುದಿಗೆ ಒಂದು ಹಸು, ಕೆಳಗೆ ‘ಹಸು’. ಚಿತ್ರವೇ ಕತೆ ಹೇಳುವುದನ್ನು ನನ್ನ ತಲೆಮಾರು ಕಂಡದ್ದು ‘ಚಂದಮಾಮ’ದಲ್ಲಿ. ಹೆಣವನ್ನು ಹೆಗಲಿಗೆ ಹಾಕಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಚಿತ್ರ, ಶಂಕರ್ ಅವರ ಕೈಯದು, ನಮ್ಮನ್ನು ಮಲಗಿಸಲಿಲ್ಲ, ಎಬ್ಬಿಸಿಯೇ ಇಟ್ಟಿತು. ಯೋಚಿಸಿದರೆ ಅದೂ ರಾತ್ರಿಯ ಕತೆಯೇ. ಹೇಳುವವನು ಬೇತಾಳ, ಕರಾರು ಮಾತ್ರ ತಿರುವುಮುರುವು: ಕೇಳುವವನು ಬಾಯಿ ಬಿಟ್ಟರೆ ಕತೆ ಕೆಟ್ಟಿತು.

1957ರಲ್ಲಿ ದೆಹಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಇನ್ನೊಬ್ಬ ಶಂಕರ್, ವ್ಯಂಗ್ಯಚಿತ್ರಕಾರರು, ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆಯ ತೆಳ್ಳನೆಯ ಬಣ್ಣದ ಪುಸ್ತಕಗಳು ಕನ್ನಡಕ್ಕೂ ಬಂದು, ನಮ್ಮಂಥವರ ಕೈಗೆಟಕುವ ಬೆಲೆಗೆ ಸಿಕ್ಕವು. 2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ತಾಣ ತೆರೆಯಿತು. ಯಾರು ಬೇಕಾದರೂ ಉಚಿತವಾಗಿ ಓದಬಹುದು, ತಮ್ಮ ನುಡಿಗೆ ತಂದುಕೊಳ್ಳಬಹುದು. ಚೆನ್ನೈನ ತಾರಾ ಬುಕ್ಸ್ 2006ರಲ್ಲಿ ಗೊಂಡ ಕಲಾವಿದರಾದ ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಅವರಿಂದ ‘ದ ನೈಟ್ ಲೈಫ್ ಆಫ್ ಟ್ರೀಸ್’ ಮಾಡಿಸಿತು. ಕೈಯಿಂದ ಮಾಡಿದ ಕಪ್ಪು ಕಾಗದದ ಮೇಲೆ ಕೈಯಿಂದಲೇ ಅಚ್ಚು ಹಾಕಿದ ಮರಗಳು. ಕತ್ತಲೆಯೇ ಅಲ್ಲಿ ಕಾಗದ. ಕಲಘಟಗಿಯ ಚಿತ್ರಗಾರರನ್ನು ಕೂಡಿಸಿಕೊಂಡು ಅಂಥದೊಂದು ಕನ್ನಡ ಪುಸ್ತಕ ಮಾಡೋಣ ಎಂದು ಇನ್ನೂ ಯಾರಿಗೆ ಹೊಳೆಯಬೇಕಾಗಿದೆಯೋ!

ಪುಸ್ತಕ ಕಡಿಮೆ ಎಂಬ ದೂರಿಗಿಂತ ನನ್ನ ದೂರು ಸಣ್ಣದು. ಮಲಗುವ ಹೊತ್ತಿಗೆ ಹದವಾದ ಕನ್ನಡ ಪುಸ್ತಕ ಕಡಿಮೆ. ಯಾಕೆ ಎಂದು ನಾನೇ ಮಾಡಿದ ತಪ್ಪಿನಿಂದ ಹೇಳುತ್ತೇನೆ. ವರ್ಷಗಳ ಹಿಂದೆ ಒಂದು ಇಂಗ್ಲಿಷ್ ಚಿತ್ರಪುಸ್ತಕವನ್ನು ಕನ್ನಡಕ್ಕೆ ತಂದೆ. ಅದರಲ್ಲೊಂದು ಮರಿ ಇಲಿ ಮಂಚದ ಕೆಳಗೆ ಇಣುಕುತ್ತದೆ. ಇಂಗ್ಲಿಷಿನಲ್ಲಿ ‘ಕಂಡಿತು’ ಎಂಬ ಮಾತು ಮೊದಲು ಬರುತ್ತದೆ, ಕಂಡದ್ದು ಏನು ಎಂಬುದು ಆಮೇಲೆ. ಹಾಗಾಗಿ ಅವರು ‘ಕಂಡಿತು’ ಎಂದು ಈ ಪುಟದಲ್ಲಿ ನಿಲ್ಲಿಸಿ, ಬೆಕ್ಕನ್ನು ಪುಟದ ಆಚೆ ಕೂರಿಸಿದ್ದರು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಬಾಲ. ನಾನು ‘ಮರಿ ಇಲಿಯು ಮಂಚದ ಕೆಳಗೆ ಒಂದು ದೊಡ್ಡ ಬೆಕ್ಕನ್ನು’ ಎಂದು ಈ ಪುಟದಲ್ಲಿ ಬರೆದು, ‘ಕಂಡಿತು’ ಎಂಬುದನ್ನು ಆಚೆಗೆ ಹಾಕಿದೆ. ಅಂಗನವಾಡಿಯೊಂದರಲ್ಲಿ ಓದುತ್ತಿದ್ದಾಗ ಪುಟ ತಿರುವುವ ಮೊದಲೇ ಒಬ್ಬ ಹುಡುಗ ಕೈ ಝಾಡಿಸಿ, ‘ಬೆಕ್ಕು ಬಂದೇ ಬಿಡ್ತಲ್ರೀ’ ಎಂದು ಎದ್ದು ಹೋದ. ಅದಕ್ಕಿಂತ ಖಡಕ್ ವಿಮರ್ಶೆ ನನಗೆ ಯಾವ ಪತ್ರಿಕೆಯಲ್ಲೂ ಬಂದಿಲ್ಲ.

ಮನೆಗೆ ಬಂದು ಅಜ್ಜಿಯನ್ನು ನೆನೆದೆ. ಅವಳು ಹೇಗೆ ಹೇಳುತ್ತಿದ್ದಳು? ‘ಬಗ್ಗಿ ನೋಡಿದರ…’ ಅಷ್ಟು ಹೇಳಿ ತಡೆಯುತ್ತಿದ್ದಳು. ನಾನು ‘ಹೂಂ?’ ಅನ್ನುತ್ತಿದ್ದೆ. ಆಮೇಲೆ ಬೆಕ್ಕು. ನೋಡಿದರೆ, ಹೋದರೆ, ತೆರೆದರೆ: ಕನ್ನಡದ ಪುಟ ತಿರುಗುವುದು ಈ ‘ರೆ’ ಎಂಬ ತಿರುಗಣಿಯ ಮೇಲೆ. ಇನ್ನೊಂದು ಅನುಕೂಲವೂ ನಮಗಿದೆ. ‘ಬೆಕ್ಕಿನ ಮೀಸೆಯನ್ನು ಇಲಿ…’ ಎಂದು ನಿಲ್ಲಿಸಿ ನೋಡಿ. ಕಚ್ಚಿತೇ, ಎಳೆಯಿತೇ, ಬಾಚಿತೇ? ಬಾಲದಲ್ಲಿರುವ ಕ್ರಿಯಾಪದವೇ ಬೆರಗು. ಇಂಗ್ಲಿಷಿನವರಿಗೆ ಈ ಸುಖ ಇಷ್ಟು ಸಲೀಸಾಗಿ ಇಲ್ಲ.

ಇನ್ನು ಗಟ್ಟಿಯಾಗಿ ಓದುವ ಪಾಡು. ಪುಸ್ತಕದಲ್ಲಿ ‘ಪುಟ್ಟನು ಮಲಗಿದ್ದಾನೆ’ ಎಂದು ಇರುತ್ತದೆ. ಧಾರವಾಡದ ಅವ್ವ ಅದನ್ನು ‘ಮಲಗ್ಯಾನ’ ಎಂದು ಓದುತ್ತಾಳೆ, ಮಂಡ್ಯದ ಅವ್ವ ‘ಮಲ್ಗವ್ನೆ’ ಎಂದು. ಹಾಸಿಗೆಯಲ್ಲಿ ಯಾರೂ ಗ್ರಾಂಥಿಕ ಮಾತಾಡುವುದಿಲ್ಲ. ಪ್ರತಿ ಕನ್ನಡ ತಾಯಿ ರಾತ್ರಿಯ ಹೊತ್ತು ಅನುವಾದಕಿ. ಬರೆಯುವವರು ಇದನ್ನು ತಿಳಿದು ಸಾಲು ಗಿಡ್ಡ ಮಾಡಬೇಕು, ಬಾಯಿಗೆ ತಿರುಗಿಸಿಕೊಳ್ಳಲು ಆಸ್ಪದ ಬಿಡಬೇಕು. ಇಲ್ಲಿ ನಮ್ಮ ಕೈ ಹಿಡಿಯುವುದು ಅನುಕರಣ ಪದಗಳು: ಗುಸುಗುಸು, ಪಟಪಟ, ತೊಟ್ ತೊಟ್. ಅವು ಎಲ್ಲ ಸೀಮೆಗೂ ಸಲ್ಲುತ್ತವೆ. ಜಿಟಿಜಿಟಿ ಮಳೆಗೆ ಜಿಲ್ಲೆಯಿಲ್ಲ.

ಕೊನೆಗೆ ಆ ಬೀಳ್ಕೊಡುಗೆಯ ಮಾತು. ‘ಗುಡ್‌ನೈಟ್’ಗೆ ಕನ್ನಡವೇನು? ‘ಶುಭರಾತ್ರಿ’ ಟಿ.ವಿ. ನಿರೂಪಕರದ್ದು, ಯಾವ ತಾಯಿಯೂ ಮಗುವಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ನಾವು ಹೊರಡುವಾಗ ‘ಹೋಗ್ತೀನಿ’ ಅನ್ನುವವರೂ ಅಲ್ಲ, ‘ಬರ್ತೀನಿ’ ಅನ್ನುತ್ತೇವೆ. ಬಾಗಿಲಿಗೆ ಬಂದ ದೆವ್ವಕ್ಕೂ ಹೋಗೆನ್ನದೆ ‘ನಾಳೆ ಬಾ’ ಎಂದು ಗೋಡೆಯ ಮೇಲೆ ಬರೆದ ಜನ ನಾವು. ನಗಬೇಡಿ, ನನಗೆ ಉತ್ತರ ಸಿಕ್ಕಿದ್ದೇ ಅಲ್ಲಿ. ಚಂದಪ್ಪನಿಗೆ ಕನ್ನಡದ ಮಗು ಹೇಳಬೇಕಾದದ್ದು ‘ನಾಳೆ ಬಾ’. ದೀಪವನ್ನು ದೊಡ್ಡದು ಮಾಡುವ ಅಜ್ಜಿಯ ಮಾತಿನಲ್ಲಿ, ಬರ್ತೀನಿ ಎನ್ನುವ ನೆಂಟರ ಮಾತಿನಲ್ಲಿ, ನಾಳೆ ಬಾ ಎನ್ನುವ ಗೋಡೆಯ ಬರಹದಲ್ಲಿ ಇರುವುದು ಒಂದೇ ನಂಬಿಕೆ: ಇದು ಮುಗಿಯಲಿಲ್ಲ. ರಾತ್ರಿಪುಸ್ತಕಕ್ಕೆ ಬೇಕಾದ ತಾತ್ಪರ್ಯ ನಮ್ಮ ನುಡಿಯಲ್ಲೇ ಹುದುಗಿದೆ. ನಾವು ಮಾತ್ರ ಕೊನೆಯ ಪುಟದಲ್ಲಿ ‘ಆದ್ದರಿಂದ ಮಕ್ಕಳೇ’ ಎಂದು ನೀತಿ ಹೇಳಿ, ತೂಕಡಿಸುವ ಕೂಸನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇವೆ.

ಈ ದತ್ತಿಯ ಅಕ್ಕೋರು ಇದ್ದಿದ್ದರೆ, ‘ಸರಿ, ಏನು ಮಾಡ್ತೀರಿ?’ ಎಂದು ಕೇಳುತ್ತಿದ್ದರು. ಒಂದೇ ಕೋರಿಕೆ ಇಡುತ್ತೇನೆ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ಶಾಲೆಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಒಳ್ಳೆಯ ಕೆಲಸ. ಶಾಲೆಯ ಮೆಟ್ಟಿಲು ಇನ್ನೂ ಹತ್ತದ ಮಗುವಿನ ಹೆಸರಿನಲ್ಲೂ ಒಂದು ಕಾರ್ಡು ಇರಲಿ. ಅಂಗನವಾಡಿಯಿಂದ ಸಂಜೆ ಮನೆಗೆ ಹೋಗುವ ಮಗುವಿನ ಕೈಚೀಲದಲ್ಲಿ ರಾತ್ರಿಗೊಂದು ಪುಸ್ತಕ ಹೋಗಲಿ, ಬೆಳಿಗ್ಗೆ ಮರಳಿ ಬರಲಿ. ಹರಿಯುತ್ತದೆ, ಚಹಾ ಚೆಲ್ಲುತ್ತದೆ, ಒಂದೆರಡು ಕಳೆಯುತ್ತವೆ. ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಹೊಸದಾಗಿಯೇ ಉಳಿದ ಪುಸ್ತಕ ಕೆರವಾಗಿ, ಅಂಗಿಯಾಗಿ ಎದ್ದು ಬಂದೀತು, ಎಚ್ಚರ.

ಫೋನನ್ನು ಬೈಯಲಾರೆ ಅಂದಿದ್ದೆನಲ್ಲ, ಕಾರಣ ಹೇಳಿ ಮುಗಿಸುತ್ತೇನೆ. ನನ್ನ ಮಗಳು ಇರುವುದು ನ್ಯೂಜೆರ್ಸಿಯಲ್ಲಿ. ಬೇಸಿಗೆಯಲ್ಲಿ ಇಲ್ಲಿ ನನಗೆ ಬೆಳಗಿನ ಆರು ಗಂಟೆಯಾದಾಗ ಅಲ್ಲಿ ನಾಲ್ಕು ವರ್ಷದ ಮೊಮ್ಮಗಳಿಗೆ ರಾತ್ರಿ ಎಂಟೂವರೆ. ನಾನು ಅಡುಗೆಮನೆಯ ಕಟ್ಟೆಗೆ ಫೋನನ್ನು ಆನಿಸಿ, ಪುಸ್ತಕವನ್ನು ಅದರ ಮುಂದೆ ಹಿಡಿದು ಓದುತ್ತೇನೆ. ‘ಅಜ್ಜಿ, ಬೆರಳು ತಗಿ, ಆಮೆ ಕಾಣವಲ್ದು’ ಅನ್ನುತ್ತಾಳೆ. ತೆಗೆಯುತ್ತೇನೆ. ಹೂಂಗುಟ್ಟಬೇಕು ಎಂಬ ಕರಾರನ್ನು ಕಲಿಸಿದ್ದೇನೆ. ಹೋದ ವಾರ ಒಂದು ದಿನ ಪುಸ್ತಕ ಇನ್ನೂ ಎರಡು ಹಾಳೆ ಇರುವಾಗ ಹೂಂ ನಿಂತಿತು. ಪರದೆಯಲ್ಲಿ ಅವಳಿರಲಿಲ್ಲ, ಕೈಯಿಂದ ಜಾರಿದ ಫೋನು ಅವರ ಮನೆಯ ಛತ್ತನ್ನು ತೋರಿಸುತ್ತಿತ್ತು. ನಾನು ಓದು ನಿಲ್ಲಿಸಲಿಲ್ಲ, ಕೊನೆಯ ಪುಟದವರೆಗೆ ದನಿ ತಗ್ಗಿಸಿ ಓದಿದೆ. ಹಾಲು ತರಲು ಹೊರಟಿದ್ದ ನಮ್ಮವರು ಬಾಗಿಲಲ್ಲಿ ನಿಂತು, ‘ಯಾರಿಗೆ ಓದಾಕತ್ತೀ?’ ಎಂದು ಕೇಳಿದರು. ಎದುರಿನ ಮನೆಯ ಮೇಲೆ ಆಗಷ್ಟೇ ಬಿಸಿಲು ಬಂದಿತ್ತು. ನಾನು ಬಾಯಿಯ ಮೇಲೆ ಬೆರಳಿಟ್ಟು, ಅಡುಗೆಮನೆಯ ಲೈಟು ದೊಡ್ಡದು ಮಾಡಿರಿ ಎಂದು ಸನ್ನೆ ಮಾಡಿದೆ.